ಗದಗದಾಗ ಕಾಫಿ ಅಂಗಡಿ ಹಾಕಾಕ ಚಿಕ್ಕಮಗಳೂರಿಗೆ ಹೋಗಿ ಬೆಳೆಗಾರರ ಕಡೆನ ಬೀಜ ತರಬೇಕು, ಯಾವಾಗ ಹೋಗ್ಲಿ, ಏನ್ ನೋಡ್ಲಿ?

ನಂದು ಹುಬ್ಬಳ್ಳಿ. ಸಣ್ಣದಾಗಿ ಕಾಫಿ ಹುರಿದು ಪುಡಿ ಮಾಡಿ ಮಾರ್ತೀನಿ, ಬೀಜ ಕೊಪ್ಪದ ಕಡೆ ಒಬ್ರು ಸಣ್ಣ ಬೆಳೆಗಾರರ ತೋಟದಿಂದ ಬರ್ತಾವ, ಹಂಗಾಗಿ ನೀವು ಕೇಳಿದ್ದಕ್ಕ ಗೊತ್ತಿದ್ದಷ್ಟು ಹೇಳ್ತೀನಿ.

ಹೋಗೋದಾದ್ರ ಕೊಯ್ಲಿನ ಟೈಮಿಗೇ ಹೋಗ್ರಿ. ಕಾಫಿಯೊಳಗ ಮುಖ್ಯ ಎರಡು ಜಾತಿ, ಅರೇಬಿಕಾ ಬೇಕಂದ್ರ ಡಿಸೆಂಬರ್-ಜನವರಿ, ರೋಬಸ್ಟಾ ಅಂದ್ರ ಜನವರಿ ಕಡೀಗೆ ಇಲ್ಲಾ ಫೆಬ್ರುವರಿ. ಮಾರ್ಚ್-ಏಪ್ರಿಲ್‌ನಾಗ ಹೂ ಮಳಿ ಬಿದ್ದು ವಾರ ಹತ್ತು ದಿನಕ್ಕ ಇಡೀ ತೋಟ ಬೆಳ್ಳಗ ಆಗ್ತೈತಿ, ಮಲ್ಲಿಗಿ ಥರಾ ವಾಸನಿ, ನೋಡಾಕ ಭಾಳ ಚಂದ ಖರೆ, ಆದ್ರ ಬೀಜ ತಗೊಳ್ಳೋರಿಗೆ ಅವಾಗ ಕಲಿಯೋದು ಕಡಿಮಿ. ಗಿಡದ ಜಾತಿ, ಗುಡ್ಡದ ಎತ್ತರ, ಮಣ್ಣು ಎಲ್ಲಾ ಛಲೋ ಇದ್ರೂ ರುಚಿ ಉಳಿಯೋದೋ ಕೆಡೋದೋ ಹಣ್ಣು ಕೊಯ್ದ ಮ್ಯಾಲಿನ ಎರಡು ವಾರದಾಗ ಗೊತ್ತಾಗ್ತೈತಿ, ಅದನ್ನ ಕಣ್ಣಾರೆ ನೋಡಬೇಕು ಅಂತನ ನಾನು ಇಷ್ಟು ಒತ್ತಿ ಹೇಳಾಕತ್ತಿದ್ದು.

ದಾರಿ ಏನ್ ಕಷ್ಟ ಇಲ್ಲ, ಹುಬ್ಬಳ್ಳಿಗೆ ಬಂದು ಬೆಂಗಳೂರು ಲೈನಿನ ಟ್ರೇನ್ ಹಿಡಿದು ಹಾವೇರಿ, ದಾವಣಗೆರೆ ದಾಟಿ ಬೀರೂರಿಗೋ ಕಡೂರಿಗೋ ಇಳದ್ರ ಅಲ್ಲಿಂದ ಚಿಕ್ಕಮಗಳೂರಿಗೆ ಬಸ್ ಅದಾವ. ಕೊಪ್ಪ, ಬಾಳೆಹೊನ್ನೂರು ಕಡೆ ಅಂದ್ರ ಶಿವಮೊಗ್ಗ ಮ್ಯಾಲೆ ಹೋಗ್ರಿ.

ಬೆಳೆಗಾರರನ್ನ ಹುಡ್ಕೋದು ಹೆಂಗ ಅಂದ್ರ, ಹೋಂಸ್ಟೇ ಬೋರ್ಡ್ ನೋಡ್ಕೊಂತ ಹೋಗಬ್ಯಾಡ್ರಿ. ನಮ್ಮ ದೇಶದಾಗ ಕಾಫಿ ಬೆಳೆಯೋರೊಳಗ ಬಹುತೇಕ ಎಲ್ಲಾರೂ 10 ಹೆಕ್ಟೇರ್‌ಗಿಂತ ಕಡಿಮಿ ಇರೋರು, ಅವ್ರಿಗೆ ಬೋರ್ಡೂ ಇರಂಗಿಲ್ಲ, ಬ್ರ್ಯಾಂಡೂ ಇರಂಗಿಲ್ಲ, ಒಣಗಿಸಿದ ಮಾಲು ಮನಿ ಬಾಗಿಲಿಗೆ ಬರೋ ಏಜೆಂಟರಿಗೆ ಕೊಟ್ಟು ಕೈ ತೊಳ್ಕೋತಾರ. ಕಾಫಿ ಮಂಡಳಿಯ ವಿಸ್ತರಣಾ ಕಚೇರಿ ಕೊಪ್ಪ, ಮೂಡಿಗೆರೆ ಅಂಥಾ ಊರಾಗ ಅದಾವ, ಅಲ್ಲಿ ಹೋಗಿ ನಾನು ಇಂಥಾ ಊರಿನಿಂದ ಬಂದೀನಿ, ಹಣ್ಣು ಆರಿಸಿ ಕೊಯ್ಯೋ ಸಣ್ಣ ಬೆಳೆಗಾರರು ಬೇಕು ಅಂತ ಬಾಯಿಬಿಟ್ಟು ಕೇಳ್ರಿ. ಯಾವ ತಳಿ ಅಂತ ಕೇಳ್ರಿ, ಹಳೇ ತೋಟ ಇದ್ರ ಎಸ್ 795 ಅಂತಾರ, ಅದು 1940ರ ದಶಕದಾಗ ಬಂದಿದ್ದು, ಬಾಳೆಹೊನ್ನೂರಿನಾಗ 1925ರಿಂದ ಇರೋ ಸಂಶೋಧನಾ ಕೇಂದ್ರದ ಕೊಡುಗಿ, ರುಚಿಗೆ ಈಗ್ಲೂ ಅದಕ್ಕ ಬೆಲಿ ಐತಿ. ಹೊಸದಾಗಿ ಹಾಕಿದೋರು ಚಂದ್ರಗಿರಿ ಅಂತಾರ. ಬಿಳಿ ಕಾಂಡಕೊರಕ ಹುಳದ ಕಾಟಕ್ಕ ಅರೇಬಿಕಾ ಕಿತ್ತು ರೋಬಸ್ಟಾ ಹಾಕ್ದೋರೂ ಭಾಳ ಮಂದಿ, ಅವ್ರ ಕಷ್ಟ ಕೂತು ಕೇಳ್ರಿ, ದರದ ಮಾತು ಆಮ್ಯಾಲೆ ತೆಗೀರಿ.

ತೋಟ ಸುತ್ತಿದ್ಮ್ಯಾಲೆ ಕಣಕ್ಕ ಬಂದು ಅಲ್ಲೇ ಕುಂಡ್ರಿ. ಸಂಜಿ ಮುಂದ ಕೆಲಸದೋರು ಚೀಲ ತಂದು ಸುರೀತಾರ, ನಾ ಹೋಗೋ ತೋಟದಾಗ ಹೆಣ್ಮಕ್ಕಳು ರಾಶಿ ಮುಂದ ಕೂತು ಹಸಿರುಗಾಯಿ, ಅರಿಶಿಣ ಬಣ್ಣದ್ದು, ಕರ್ರಗ ಒಣಗಿದ್ದು ಎಲ್ಲಾ ಬ್ಯಾರೆ ಬ್ಯಾರೆ ಆರಿಸ್ತಾರ, ಉಳಿದ ಕೆಂಪು ಹಣ್ಣು ನೀರಿನ ತೊಟ್ಟಿಗೆ ಬೀಳ್ತಾವ, ಜೊಳ್ಳು ಇದ್ದಿದ್ದು ಮ್ಯಾಲೆ ತೇಲ್ತೈತಿ, ಅದನ್ನ ತೆಗೆದು ಉಳಿದದ್ದು ಅವತ್ತ ರಾತ್ರಿನ ಪಲ್ಪರ್‌ಗೆ, ಅಂದ್ರ ಹಣ್ಣಿನ ಸಿಪ್ಪಿ ತೆಗೆಯೋ ಮಷಿನ್ನಿಗೆ, ಹೋಗಬೇಕು. ಮಾರನೇ ದಿನಕ್ಕ ಇಟ್ರ ಹಣ್ಣಿನ ರಾಶಿ ಬಿಸಿ ಆಗಿ ಹುಳಿ ವಾಸನಿ ಹಿಡೀತೈತಿ, ಮೂಗು ಹತ್ರ ತಗೊಂಡು ಹೋದ್ರ ನಿಮಗ ಯಾರೂ ಹೇಳೋದು ಬೇಕಾಗಿಲ್ಲ. ಸಿಪ್ಪಿ ತೆಗೆದು, ಅಂಟು ತೊಳೆದು ಒಣಗಿಸಿದ್ದಕ್ಕ ಪಾರ್ಚ್‌ಮೆಂಟ್ ಅಂತಾರ, ಹಣ್ಣು ಹಣ್ಣೇ ಒಣಗಿಸಿದ್ದು ಚೆರಿ. ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಹಿಡಿದು ನೋಡೋರು ಕೈಯಾಗಿನ ಸಪ್ಪಳದ ಮ್ಯಾಲೇ ತೇವ ಹೇಳ್ತಾರಲ್ಲ, ಚೆರಿನೂ ಹಂಗ, ಮುಷ್ಟ್ಯಾಗ ಹಿಡಿದು ಅಲುಗಾಡಿಸಿದ್ರ ಒಳಗ ಗಿಲಿಗಿಲಿ ಅನ್ಬೇಕು. ಪಾರ್ಚ್‌ಮೆಂಟ್ ಆದ್ರ ಉಗುರಿಲೆ ಹೊಟ್ಟು ಬಿಡಿಸಿ ಬೀಜ ಹಲ್ಲಿಗೆ ಹಚ್ಚಿ ನೋಡ್ತಾರ, ಹಲ್ಲಿನ ಗುರುತು ಮೂಡಿದ್ರ ಇನ್ನೂ ಬಿಸಲು ಬೇಕು. ಮಣ್ಣಿನ ನೆಲದ ಮ್ಯಾಲೆ ಒಣಗಿಸ್ತಿದ್ರ, ರಾತ್ರಿ ಇಬ್ಬನಿಗೆ ಮುಚ್ಚದೆ ಬಿಟ್ಟಿದ್ರ, ಆ ಮಾಲು ಎಷ್ಟು ಅಗ್ಗ ಆದ್ರೂ ಬ್ಯಾಡ.

ದರದಾಗ ಒಂದು ಮಾತು. ಅಲ್ಲಿ ಮಂದಿ 50 ಕೆಜಿ ಚೀಲದ ಲೆಕ್ಕದಾಗ ಮಾತಾಡ್ತಾರ, ದಿನಾ ದರ ಮೊಬೈಲ್‌ನಾಗ ಬರ್ತೈತಿ, ಹಿಂಗಾಗಿ ಮಾರ್ಕೆಟ್ ದರ ಅವ್ರಿಗೂ ಗೊತ್ತು, ನಿಮಗೂ ಗೊತ್ತಿರಬೇಕು. ಕೆಂಪು ಹಣ್ಣನ್ನಷ್ಟೇ ಆರಿಸಿ ಕೊಯ್ಸೋದಂದ್ರ ಅದೇ ಗಿಡಕ್ಕ ಮತ್ತ ಮತ್ತ ಆಳು ಕಳಿಸಬೇಕು, ಕೂಲಿ ಏರ್ತೈತಿ, ಅದಕ್ಕ ಮಾರ್ಕೆಟ್‌ಗಿಂತ ಮ್ಯಾಲೆ ಕೊಡಾಕ ತಯಾರಿದ್ರಷ್ಟೇ ನೇರ ಖರೀದಿ ಮಾತಿಗೆ ಅರ್ಥ, ಏಜೆಂಟರಿಗಿಂತ ಕಡಿಮಿಗೆ ಕೇಳೋರು ಪ್ಯಾಟಿ ಅಂಗಡಿಯಾಗ ತಗೊಳ್ಳೋದೇ ಸರಿ ಅನ್ನೋದು ನನ್ನ ಅಭಿಪ್ರಾಯ. ಲೆಕ್ಕ ಹಾಕೋವಾಗ ಹೊಟ್ಟು ತೆಗೆಸೋ ಕ್ಯೂರಿಂಗ್ ಖರ್ಚು, ಸಾಗಾಣಿಕಿ ಸೇರಿಸ್ರಿ, ಮತ್ತ ಹುರಿದಾಗ ತೂಕ ನೂರಕ್ಕ 15ರಿಂದ 20 ಇಳೀತೈತಿ ಅನ್ನೋದು ಮರೀಬ್ಯಾಡ್ರಿ.

ಪ್ರವಾಸಿ ಅಂಗಡಿಯಾಗ ಎಸ್ಟೇಟ್ ಪುಡಿ ಅಂತ ಕೊಡೋ ಪ್ಯಾಕೆಟ್ಟಿನ ಹಿಂದ ಚಿಕೋರಿ (ಕಾಫಿಗೆ ಕೂಡಿಸೋ, ಒಂದು ಗಿಡದ ಬೇರು ಹುರಿದು ಮಾಡಿದ ಪುಡಿ) ಎಷ್ಟೈತಿ ಓದ್ರಿ, ಕಾನೂನಿನ ಪ್ರಕಾರ 49 ಪರ್ಸೆಂಟ್ ತನಕ ಹಾಕಬಹುದು. ಚಿಕೋರಿ ಕೆಟ್ಟದ್ದಲ್ಲ, ಹಾಲಿನ ಫಿಲ್ಟರ್ ಕಾಫಿಗೆ ಸ್ವಲ್ಪ ಇದ್ರ ಗಟ್ಟಿತನ ಬರ್ತೈತಿ, ಆದ್ರ ಅದನ್ನ ನೀವು ಬ್ಯಾರೆ ತಗೊಂಡು ನಿಮ್ಮ ಅಳತಿಗೆ ಕೂಡಿಸ್ರಿ.

ಮೊದಲನೇ ಸಲ ಚೀಲಗಟ್ಟಲೆ ತರಬ್ಯಾಡ್ರಿ, ಐದಾರು ಕೆಜಿ ಅರೇಬಿಕಾ, ಅಷ್ಟೇ ರೋಬಸ್ಟಾ ಸಾಕು. ಗದಗದ ಬೋರ್ ನೀರು ಗಡಸು, ಮಲೆನಾಡಿನ ನೀರಿನಾಗ ಕುಡಿದ ರುಚಿ ಅದರಾಗ ಹಂಗ ಬರಂಗಿಲ್ಲ, ಅದಕ್ಕ ನೀವು ಅಂಗಡಿಯಾಗ ಯಾವ ನೀರು, ಯಾವ ಹಾಲು ಬಳಸ್ತೀರೋ ಅದರಾಗನ ಡಿಕಾಕ್ಷನ್ ಇಳಿಸಿ ನಾಕು ಮಂದಿಗೆ ಕುಡಿಸಿ ನೋಡ್ರಿ, ಅಳತಿ ಕುಂತ ಮ್ಯಾಲೆ ಬೆಳೆಗಾರರಿಗೆ ಫೋನ್ ಹಚ್ಚಿ ಮುಂದಿನ ಕೊಯ್ಲಿಗೆ ಇಷ್ಟು ಚೀಲ ನನಗ ಇಡ್ರಿ ಅಂತ ಮುಂಗಡ ಕಳಿಸ್ರಿ.