ದೇಹದ ಪ್ರೊಟೀನನ್ನೇ ತಡೆಯುವ ಔಷಧ ಮಗುವಿಗೆ ಕೊಡಬಹುದೇ?

ಪ್ರಶ್ನೆ: ಅಕ್ಕನ ಎಂಟು ತಿಂಗಳ ಮಗನಿಗೆ ಸ್ನಾಯುಗಳು ಸೊರಗುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಅಂದರೆ ಎಸ್‌ಎಂಎ ಇದೆ. ಬೆನ್ನಿಗೆ ಚುಚ್ಚುವ ನುಸಿನರ್ಸೆನ್, ಒಂದು ಪ್ರೊಟೀನು ಆರ್‌ಎನ್‌ಎಗೆ (ಜೀನಿನ ನಕಲು) ಅಂಟದಂತೆ ತಡೆಯುತ್ತದೆ ಎಂದರು ವೈದ್ಯರು. ಇದರಿಂದ ಬೇರೆ ಅನಾಹುತ ಆಗದೇ? ಕೊರತೆಯಿರುವ ಪ್ರೊಟೀನನ್ನೇ ಕೊಡಬಾರದೇ?
– ಓದುಗರು, ಹಾಸನ

ಉತ್ತರ: ನಿಮ್ಮ ಶಂಕೆ ಬುಡವಿಲ್ಲದ್ದೇನಲ್ಲ. ವೈದ್ಯರು ಹೇಳಿದ ಪ್ರೊಟೀನಿನ ಹೆಸರು ಎಚ್‌ಎನ್‌ಆರ್‌ಎನ್‌ಪಿ ಎ1. ಜೀವಕೋಶದಲ್ಲಿ ಅದಕ್ಕೆ ಕೈತುಂಬ ಕೆಲಸ; ಅದರ ಜೀನ್ ಕೆಟ್ಟು ಎಎಲ್‌ಎಸ್ ಎಂಬ ನರರೋಗ ಬಂದ ಕುಟುಂಬಗಳೂ ಇವೆ. ಆದರೆ ನುಸಿನರ್ಸೆನ್ ಆ ಪ್ರೊಟೀನಿನ ತಂಟೆಗೇ ಹೋಗುವುದಿಲ್ಲ.

ಬೆನ್ನುಹುರಿಯ ಚಲನ ನರಕೋಶಗಳು ಬದುಕಲು ಎಸ್‌ಎಂಎನ್ ಪ್ರೊಟೀನು ಬೇಕು. ಮಗುವಿನಲ್ಲಿ ಕೆಟ್ಟಿರುವುದು ಅದನ್ನು ತಯಾರಿಸುವ ಎಸ್‌ಎಂಎನ್‌1 ಜೀನ್. ಪುಣ್ಯಕ್ಕೆ ಹೆಚ್ಚುಕಡಿಮೆ ಅದರಂತೆಯೇ ಇರುವ ಎಸ್‌ಎಂಎನ್‌2 ಉಳಿದಿರುತ್ತದೆ. ಅದರ ಏಳನೆಯ ಎಕ್ಸಾನಿನಲ್ಲಿ (ಪ್ರೊಟೀನಿನ ಸಂಕೇತವಿರುವ ಜೀನ್ ಭಾಗ) ಡಿಎನ್‌ಎಯ ಸಿ ಅಕ್ಷರ ಇರಬೇಕಾದ ಕಡೆ ಟಿ ಇದೆ, ಅಷ್ಟೇ. ವಿಚಿತ್ರವೆಂದರೆ ಈ ಬದಲಾವಣೆಯಿಂದ ಅಮೈನೊ ಆಮ್ಲ ಬದಲಾಗುವುದಿಲ್ಲ. ಕೆಡುವುದು ಆರ್‌ಎನ್‌ಎಯನ್ನು ಕತ್ತರಿಸಿ ಜೋಡಿಸುವ ಸ್ಪ್ಲೈಸಿಂಗ್. ಎಕ್ಸಾನನ್ನು ಉಳಿಸಿಕೊಳ್ಳುವ ಪ್ರೊಟೀನುಗಳ ಹಿಡಿತ ಸಡಿಲಗೊಂಡು, ಅದನ್ನು ಕೈಬಿಡುವಂತೆ ಮಾಡುವ ಎ1ನ ಕೈ ಮೇಲಾಗುತ್ತದೆ. ಹೀಗಾಗಿ ಎಸ್‌ಎಂಎನ್‌2ರಿಂದ ಸಿಗುವ ಪೂರ್ಣ ಪ್ರೊಟೀನು ಸುಮಾರು ಶೇ 10ರಷ್ಟು ಮಾತ್ರ.

ಈ ಎಕ್ಸಾನಿನ ಪಕ್ಕದಲ್ಲೇ ಎ1 ಬಂದು ಕೂರುವ 15 ಅಕ್ಷರಗಳ ಜಾಗವೊಂದು 2006ರಲ್ಲಿ ಪತ್ತೆಯಾಯಿತು. ನುಸಿನರ್ಸೆನ್ ಅದಕ್ಕೆ ಸರಿಹೊಂದುವ 18 ಅಕ್ಷರಗಳ ತುಣುಕು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ. ಎ1 ಉಳಿದೆಡೆ ತನ್ನ ಕೆಲಸ ಮಾಡಿಕೊಂಡಿರುತ್ತದೆ. ಆ ಒಂದು ಸೀಟು ಮಾತ್ರ ಅದಕ್ಕೆ ಸಿಗುವುದಿಲ್ಲ, ಎಕ್ಸಾನ್ ಉಳಿಯುತ್ತದೆ.

ಪ್ರೊಟೀನನ್ನೇ ಕೊಟ್ಟರೆ ಅದು ನರಕೋಶದ ಒಳಹೋಗುವುದಿಲ್ಲ. ಈ ಔಷಧವೂ ರಕ್ತದಿಂದ ಮಿದುಳು, ಬೆನ್ನುಹುರಿ ಸೇರದ ಕಾರಣ ಬೆನ್ನಿನ ಮೂಲಕವೇ ಕೊಡಬೇಕು: ಮೊದಲ ಎರಡು ತಿಂಗಳಲ್ಲಿ ನಾಲ್ಕು ಡೋಸ್, ಆಮೇಲೆ ನಾಲ್ಕು ತಿಂಗಳಿಗೊಮ್ಮೆ. ಪ್ರತಿ ಡೋಸಿಗೆ ಮುನ್ನ ಪ್ಲೇಟ್‌ಲೆಟ್ ಮತ್ತು ಮೂತ್ರದ ಪರೀಕ್ಷೆ ತಪ್ಪಿಸಬೇಡಿ. ಚುಚ್ಚುವುದು ಕಷ್ಟವೆನಿಸಿದರೆ ದಿನವೂ ಬಾಯಿಗೆ ಹಾಕುವ ರಿಸ್ಡಿಪ್ಲಾಮ್ ಇದೆ; ಅದೂ ಇದೇ ಎಕ್ಸಾನನ್ನು ಉಳಿಸುವ ಔಷಧವೇ. ಒಂದೇ ಬಾರಿ ಕೊಡುವ ಜೀನ್ ಚಿಕಿತ್ಸೆಯ ಬಗೆಗೂ ಕೇಳಿ, ಮಗುವಿಗೆ ಇನ್ನೂ ಎರಡು ವರ್ಷ ತುಂಬಿಲ್ಲ.

ಯಾವುದನ್ನೇ ಆರಿಸಿ, ತಡಮಾಡಬೇಡಿ. ಸತ್ತ ನರಕೋಶ ಮರಳಿ ಬರುವುದಿಲ್ಲ. ಖರ್ಚು ಭಾರಿಯೇ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ, ಎಸ್‌ಎಂಎ ಅದರ ಪಟ್ಟಿಯಲ್ಲಿದೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ: ಅಕ್ಕ ಈ ಜೀನ್‌ದೋಷದ ವಾಹಕಿಯಾಗಿದ್ದರೆ ನೀವೂ ಹಾಗಿರುವ ಸಾಧ್ಯತೆ ಸುಮಾರು ಅರ್ಧಕ್ಕರ್ಧ. ಮಕ್ಕಳ ಯೋಚನೆಯಿದ್ದರೆ ನೀವೂ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.