ಅಮ್ಮನ ಮಂಡಿಗೆ ಪಾರ್ಶಿಯಲ್ ಸಾಕಾ, ಟೋಟಲ್ಲೇ ಮಾಡಿಸಬೇಕಾ?

ನಿಮ್ಮ ಅಮ್ಮನ ಮಂಡಿ ಆಪರೇಷನ್‌ಗೆ ಡಾಕ್ಟರ್ ಪಾರ್ಶಿಯಲ್, ಅಂದರೆ ಸವೆದ ಭಾಗವನ್ನಷ್ಟೇ ಬದಲಾಯಿಸಿದರೆ ಸಾಕು ಅಂದಿದ್ದಾರೆ, ನೆಂಟರು 'ಒಂದೇ ಸಲ ಟೋಟಲ್ ಮಾಡಿಸಿಬಿಡಿ', ಅಂದರೆ ಇಡೀ ಕೀಲನ್ನೇ ಬದಲಾಯಿಸಿಬಿಡಿ ಅಂತಿದ್ದಾರೆ, ಅಲ್ವಾ? ನನ್ನ ಎಡಮಂಡಿಗೂ ಮನೆಯಲ್ಲಿ ಇದೇ ಪಂಚಾಯಿತಿ ನಡೆದಿತ್ತು. ಒಳಬದಿ ಮಾತ್ರ ಸವೆದಿತ್ತು, ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಗಟ್ಟಿಯಿತ್ತು, ಪಾರ್ಶಿಯಲ್ ಮಾಡಿಸಿಕೊಂಡೆ. ಮಾರನೇ ದಿನವೇ ವಾಕರ್ ಹಿಡಿದು ನಡೆದೆ ನೋಡಿ, ಧೈರ್ಯ ಜಾಸ್ತಿಯಾಯಿತು. ಅರ್ಧ ಮಂಡಿ ತಾನೇ, ಆರೈಕೆಯೂ ಅರ್ಧ ಸಾಕು ಅಂದುಕೊಂಡೆ.

ಕೆಟ್ಟಿದ್ದು ಅಲ್ಲೇ. ಕಾಲು ಚಾಚಿದರೆ ಹಿಂದೆ ಎಳೆಯುತ್ತಿತ್ತು, ಮಂಡಿ ಕೆಳಗೆ ದಿಂಬು ಇಟ್ಟರೆ ಹಾಯಾಗಿರುತ್ತಿತ್ತು. ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋ ಹುಡುಗಿ 'ಆಂಟಿ, ಮಂಡಿ ಕೆಳಗೆ ಏನೂ ಬೇಡ, ಟವೆಲ್ ಸುತ್ತಿ ಹಿಮ್ಮಡಿ ಕೆಳಗೆ ಇಡಿ' ಅಂತ ದಿಂಬು ತೆಗೆದು ಹೋಗುತ್ತಿದ್ದಳು. ಅವಳು ಗೇಟು ದಾಟಿದ ಕೂಡಲೇ ಮತ್ತೆ ದಿಂಬು. ಆಮೇಲೆ ದುಡ್ಡು ದಂಡ ಅಂತ ಅವಳನ್ನೇ ಬಿಡಿಸಿದೆ. ಮಂಡಿ ಸದಾ ಮಡಚಿಕೊಂಡೇ ಇದ್ದರೆ ಹಿಂದಿನ ಪೊರೆ, ಸ್ನಾಯು ಎಲ್ಲ ಬಿಗಿದುಕೊಳ್ಳುತ್ತವೆ. ಮುಂದಿನ ಚೆಕಪ್‌ನಲ್ಲಿ ಡಾಕ್ಟರ್ ನನ್ನನ್ನು ಮಲಗಿಸಿ ಮಂಡಿ ಕೆಳಗೆ ಕೈ ತೂರಿಸಿದರು. ಮಂಚಕ್ಕೆ ತಾಗಿರಬೇಕಾದ ಜಾಗದಲ್ಲಿ ಕೈ ಸಲೀಸಾಗಿ ಆಚೆ ಬಂತು! ಹಾಗಾದರೆ ನಿಂತಾಗಲೂ ಕಾಲು ನೇರ ಆಗುವುದಿಲ್ಲ, ಆ ಕಾಲು ಗಿಡ್ಡವಾದ ಹಾಗೆ ಕುಂಟಬೇಕು, ತೊಡೆಗೆ ಬಿಡುವೇ ಇಲ್ಲ, ಸಂಜೆ ಸೊಂಟ ಹಿಡಿದುಕೊಳ್ಳುತ್ತದೆ. ಆಪರೇಷನ್ ಚೆನ್ನಾಗೇ ಆಗಿತ್ತು, ಹಾಳು ಮಾಡಿಕೊಂಡಿದ್ದು ನಾನು. ಕಾಲು ನೇರ ಮಾಡಿಕೊಳ್ಳಲು ಆಮೇಲೆ ಪಟ್ಟ ನೋವಿನ ಮುಂದೆ ಆಪರೇಷನ್ ನೋವು ಏನೂ ಅಲ್ಲ.

ಇನ್ನು ಪಾರ್ಶಿಯಲ್ಲೋ ಟೋಟಲ್ಲೋ ಅನ್ನುವುದು ನೆಂಟರು ಓಟು ಹಾಕುವ ವಿಷಯವೇ ಅಲ್ಲ. ಎಲ್ಲ ಕಡೆ ಸವೆದಿದ್ದರೆ, ಅಥವಾ ರುಮಟಾಯ್ಡ್ (ಕೀಲುಗಳು ಊದಿ ನೋಯುವ ಒಂದು ಬಗೆಯ ಸಂಧಿವಾತ) ಇದ್ದರೆ, ಟೋಟಲ್ಲೇ. ಒಂದೇ ಕಡೆ ಸವೆದು ಲಿಗಮೆಂಟ್ ಚೆನ್ನಾಗಿದ್ದರೆ ಸುಮ್ನೆ ಒಳ್ಳೆಯ ಭಾಗವನ್ನೂ ಯಾಕೆ ಕತ್ತರಿಸಬೇಕು? ಪಾರ್ಶಿಯಲ್‌ನಲ್ಲಿ ಮುಂದೆ ಮತ್ತೆ ಆಪರೇಷನ್ ಬೇಕಾಗುವ ಸಾಧ್ಯತೆ ಜಾಸ್ತಿ, ನಿಮ್ಮ ನೆಂಟರು ಹೇಳುವುದು ಅಷ್ಟು ನಿಜ. ಆದರೆ ಸೋಂಕು, ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ, ಚೇತರಿಕೆಯೂ ಬೇಗ. ಎಕ್ಸ್‌ರೇ ನಿಲ್ಲಿಸಿ ತೆಗೆದಿದ್ದಾರಾ ನೋಡಿ, ಮಲಗಿಸಿ ತೆಗೆದರೆ ಸವೆತ ಸರಿಯಾಗಿ ಕಾಣುವುದಿಲ್ಲ. ಆ ಡಾಕ್ಟರ್ ಪಾರ್ಶಿಯಲ್ ಆಗಾಗ ಮಾಡುತ್ತಾರಾ, ಅಪರೂಪಕ್ಕೊಮ್ಮೆಯಾ ಅಂತ ಸಂಕೋಚ ಬಿಟ್ಟು ಕೇಳಿ.

ಹಾಂ, ಮಂಡಿ ಇಂಪ್ಲಾಂಟ್‌ಗೆ, ಅಂದರೆ ಒಳಗೆ ಕೂರಿಸುವ ಕೃತಕ ಭಾಗಕ್ಕೆ, 2017ರಲ್ಲಿ ಸರ್ಕಾರ ಬೆಲೆ ಮಿತಿ ಹಾಕಿತು, ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ತೋರಿಸಿ ಅನ್ನಿ. ಮನೆಗೆ ಬರುವ ಫಿಸಿಯೋ ಯಾರು ಅಂತ ಅಮ್ಮ ಅಡ್ಮಿಟ್ ಆಗುವ ಮೊದಲೇ ಗೊತ್ತು ಮಾಡಿಕೊಳ್ಳಿ.