ಹೊಲದ ವ್ಯಾಜ್ಯ, ಕೊಲೆ ಮತ್ತು ಮೇಲ್ಮನವಿ: ಓದುಗರ ಪ್ರಶ್ನೆಗಳಿಗೆ ಕಾನೂನು ಉತ್ತರ

ಪ್ರಶ್ನೆ: ಮಾವನವರು ತೀರಿಕೊಂಡ ಮೇಲೆ ಹೊಲದ ಪಾಲು ಆಗದೆ ನನ್ನ ಯಜಮಾನರಿಗೂ ಭಾವನವರಿಗೂ ವರ್ಷಗಟ್ಟಲೆ ವೈಮನಸ್ಯವಿತ್ತು. 2021ರಲ್ಲಿ ಬದುವಿನ ವಿಷಯಕ್ಕೆ ಎದ್ದ ಜಗಳದಲ್ಲಿ ಭಾವ ಮತ್ತು ಅವರ ಇಬ್ಬರು ಮಕ್ಕಳು ನಮ್ಮ ಯಜಮಾನರನ್ನು ಹೊಡೆದು ಕೊಂದರು. ಕಳೆದ ತಿಂಗಳು ಸೆಷನ್ಸ್ ನ್ಯಾಯಾಲಯವು ಮಕ್ಕಳಿಬ್ಬರನ್ನೂ ಖುಲಾಸೆ ಮಾಡಿ, ಭಾವನಿಗೆ ಮಾತ್ರ ‘ಕೊಲೆಯಲ್ಲದ ನರಹತ್ಯೆ’ ಎಂದು ಏಳು ವರ್ಷ ಶಿಕ್ಷೆ ವಿಧಿಸಿದೆ. ಅವರು ಹೈಕೋರ್ಟಿಗೆ ಹೋಗುತ್ತಿದ್ದಾರೆ. ನಾನು ತಕರಾರಿಲ್ಲವೆಂದು ಬರೆದುಕೊಟ್ಟರೆ ಎರಡು ಎಕರೆ ಬಿಟ್ಟುಕೊಡಿಸುತ್ತೇವೆ ಎಂದು ಊರ ಹಿರಿಯರು ಹೇಳುತ್ತಿದ್ದಾರೆ. ನನಗೆ ಇಬ್ಬರು ಚಿಕ್ಕ ಮಕ್ಕಳು. ನಾನೇ ಮೇಲ್ಮನವಿ ಹಾಕಲು ಬರುತ್ತದೆಯೇ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಖಂಡಿತ ಬರುತ್ತದೆ, ಅದಕ್ಕೆ ಸರ್ಕಾರದ ದಾರಿ ಕಾಯಬೇಕಾಗಿಲ್ಲ. ಮೃತರ ಕಾನೂನುಬದ್ಧ ವಾರಸುದಾರರನ್ನೂ ಕಾನೂನು ‘ಸಂತ್ರಸ್ತ’ರೆಂದೇ ಪರಿಗಣಿಸುತ್ತದೆ. ಸಂತ್ರಸ್ತರಿಗೆ ಸ್ವತಂತ್ರವಾದ ಮೇಲ್ಮನವಿಯ ಹಕ್ಕು ಬಂದದ್ದು ದಂಡ ಪ್ರಕ್ರಿಯಾ ಸಂಹಿತೆಯ 372ನೇ ಕಲಮಿಗೆ ಸೇರಿಸಿದ, 2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿಯಿಂದ. ಈಗ ಅದೇ ಹಕ್ಕು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 413ನೇ ಕಲಮಿನಲ್ಲಿದೆ. ಇಂಥ ಮೇಲ್ಮನವಿಗೆ ಹೈಕೋರ್ಟಿನ ಪೂರ್ವಾನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ ತೀರ್ಮಾನಿಸಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ.

ಈ ಹಕ್ಕು ಮೂರು ಸಂದರ್ಭಗಳಲ್ಲಿ ಸಿಗುತ್ತದೆ: ಆರೋಪಿ ಖುಲಾಸೆಯಾದಾಗ, ಚಿಕ್ಕ ಅಪರಾಧಕ್ಕಷ್ಟೇ ಶಿಕ್ಷೆಯಾದಾಗ, ಪರಿಹಾರ ಸಾಲದಾದಾಗ. ನಿಮ್ಮ ಪ್ರಕರಣದಲ್ಲಿ ಮೊದಲ ಎರಡೂ ಇವೆ. ಆದರೆ ‘ಏಳು ವರ್ಷ ಕಡಿಮೆಯಾಯಿತು’ ಎಂಬ ಒಂದೇ ಕಾರಣಕ್ಕೆ ನೀವು ಮೇಲ್ಮನವಿ ಹಾಕಲಾಗದು. ಶಿಕ್ಷೆಯ ಪ್ರಮಾಣವನ್ನಷ್ಟೇ ಪ್ರಶ್ನಿಸುವ ಅಧಿಕಾರ ಸರ್ಕಾರದ್ದು. ಆದ್ದರಿಂದ ನಿಮ್ಮ ಮೇಲ್ಮನವಿಯ ವಾದವು ‘ಇದು ಕೊಲೆಯೇ ಹೊರತು ಅದಕ್ಕಿಂತ ಕಡಿಮೆಯ ಅಪರಾಧವಲ್ಲ’ ಎಂಬುದಾಗಿರಬೇಕು. ಹಾವೇರಿ ಜಿಲ್ಲೆಯ ಮೇಲ್ಮನವಿಗಳು ಧಾರವಾಡ ಪೀಠಕ್ಕೆ ಹೋಗುತ್ತವೆ. ಶಿಕ್ಷೆಯಾದವರು ಹೈಕೋರ್ಟಿಗೆ ಹೋಗಲು 60 ದಿನಗಳ ಗಡುವಿದೆ. ಖುಲಾಸೆಯ ವಿರುದ್ಧ ಸರ್ಕಾರಕ್ಕೆ 90 ದಿನಗಳಿವೆ. ನೀವು 60 ದಿನಗಳನ್ನೇ ನಿಮ್ಮ ಗಡುವೆಂದು ತಿಳಿದು, ತೀರ್ಪಿನ ದೃಢೀಕೃತ ನಕಲಿಗೆ ಇಂದೇ ಅರ್ಜಿ ಕೊಡಿ. ವಕೀಲರ ಶುಲ್ಕ ಭರಿಸುವುದು ಕಷ್ಟವೆಂದಾದರೆ, ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. 15100ಕ್ಕೆ ಕರೆ ಮಾಡಿದರೆ ಮುಂದಿನ ದಾರಿ ತಿಳಿಸುತ್ತಾರೆ.

ಇನ್ನು ಹೈಕೋರ್ಟು ಏನನ್ನು ತೂಗಿ ನೋಡುತ್ತದೆ ಎಂಬುದು ಮುಖ್ಯ. ಘಟನೆ 2021ರದಾದ್ದರಿಂದ ಅಪರಾಧಕ್ಕೆ ಹಳೆಯ ಭಾರತೀಯ ದಂಡ ಸಂಹಿತೆಯೇ ಅನ್ವಯಿಸುತ್ತದೆ. ಮುಂಚಿತವಾಗಿ ಯೋಚಿಸದೆ, ಹಠಾತ್ತನೆ ಎದ್ದ ಹೊಡೆದಾಟದ ಆವೇಶದಲ್ಲಿ, ಎದುರಾಳಿಯ ಅಸಹಾಯಕತೆಯ ದುರ್ಲಾಭ ಪಡೆಯದೆ, ಕ್ರೂರವಾಗಿ ವರ್ತಿಸದೆ ಆದ ಸಾವು ಕೊಲೆಯಲ್ಲವೆಂದು 300ನೇ ಕಲಮಿನ ನಾಲ್ಕನೇ ವಿನಾಯಿತಿ ಹೇಳುತ್ತದೆ. ಬದುವಿನ ಜಗಳಗಳಲ್ಲಿ ಆರೋಪಿಗಳ ಪರ ವಕೀಲರು ಸಾಮಾನ್ಯವಾಗಿ ಮೊರೆಹೋಗುವುದು ಇದಕ್ಕೇ. ಇದನ್ನು ಅಲ್ಲಗಳೆಯಲು ನೆರವಾಗುವುದು ಸಣ್ಣ ಸಣ್ಣ ವಿವರಗಳು. ಹೊಡೆದ ಆಯುಧ ಹೊಲದಲ್ಲಿ ಕೆಲಸಕ್ಕೆಂದು ಕೈಯಲ್ಲಿತ್ತೋ, ಜಗಳವಾದ ಮೇಲೆ ಮನೆಗೆ ಹೋಗಿ ತಂದದ್ದೋ? ಏಟು ಬಿದ್ದದ್ದು ತಲೆಗೋ ಕಾಲಿಗೋ? ನಿಮ್ಮ ಯಜಮಾನರು ಕೆಳಗೆ ಬಿದ್ದ ಮೇಲೂ ಹೊಡೆದರೇ? ಮರಣೋತ್ತರ ಪರೀಕ್ಷೆಯ ವರದಿ, ಪಂಚನಾಮೆ, ವೈದ್ಯರ ಪಾಟೀಸವಾಲು ಈ ಮೂರನ್ನೂ ನಿಮ್ಮ ವಕೀಲರ ಎದುರಿನಲ್ಲಿ ಕುಳಿತು ಒಟ್ಟಿಗೆ ಓದಿಸಿಕೊಳ್ಳಿ.

ಭಾವನ ಮಕ್ಕಳ ಖುಲಾಸೆಯ ವಿಷಯದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲು ನನಗೆ ಮನಸ್ಸಿಲ್ಲ. ಸಾಕ್ಷ್ಯದಿಂದ ಎರಡು ಅಭಿಪ್ರಾಯಗಳು ಸಾಧ್ಯವಿದ್ದು, ವಿಚಾರಣಾ ನ್ಯಾಯಾಲಯವು ಆರೋಪಿಗೆ ಅನುಕೂಲವಾದುದನ್ನು ಒಪ್ಪಿದ್ದರೆ, ಮೇಲ್ಮನವಿಯ ನ್ಯಾಯಾಲಯ ಅದರಲ್ಲಿ ಕೈಹಾಕಬಾರದೆಂದು ಸುಪ್ರೀಂ ಕೋರ್ಟು 2007ರ ಚಂದ್ರಪ್ಪ ಪ್ರಕರಣದಲ್ಲಿ ಹೇಳಿದೆ. ಹಳೆಯ ದ್ವೇಷವೂ ಎರಡಲಗಿನ ಕತ್ತಿ: ಕೊಲೆಗೆ ಕಾರಣವನ್ನು ತೋರಿಸುವ ಅದೇ ವ್ಯಾಜ್ಯ, ಮನೆಮಂದಿಯನ್ನೆಲ್ಲ ಸುಮ್ಮನೆ ಸಿಕ್ಕಿಸಿರಬಹುದು ಎಂಬ ಸಂಶಯಕ್ಕೂ ಎಡೆಮಾಡುತ್ತದೆ. ಸಾಕ್ಷಿ ಹೇಳಿದವರು ಸಂಬಂಧಿಕರೆಂಬ ಒಂದೇ ಕಾರಣಕ್ಕೆ ಅವರ ಮಾತನ್ನು ತಳ್ಳಿಹಾಕುವಂತಿಲ್ಲ ಎಂಬುದು 1953ರ ದಲೀಪ್ ಸಿಂಗ್ ಪ್ರಕರಣದಿಂದಲೂ ನೆಲೆಗೊಂಡಿರುವ ತತ್ತ್ವ. ಆದರೆ ಅಂಥ ಸಾಕ್ಷ್ಯವನ್ನು ಹೆಚ್ಚು ಎಚ್ಚರದಿಂದ ಪರಿಶೀಲಿಸಲಾಗುತ್ತದೆ. ಮಕ್ಕಳಿಬ್ಬರಲ್ಲಿ ಯಾರು ಏನು ಮಾಡಿದರೆಂದು ನಿಮ್ಮ ಸಾಕ್ಷಿಗಳು ಮೊದಲ ಹೇಳಿಕೆಯಿಂದಲೇ ಸ್ಪಷ್ಟವಾಗಿ ಹೇಳಿದ್ದರೆ ಮಾತ್ರ ಈ ಭಾಗ ಗಟ್ಟಿಯಾಗಿ ನಿಲ್ಲುತ್ತದೆ.

ಹಿರಿಯರ ಮಾತಿನ ಬಗ್ಗೆ ಹೇಳಲೇಬೇಕು. ಕೊಲೆಯಾಗಲಿ ನರಹತ್ಯೆಯಾಗಲಿ ರಾಜಿಯಾಗಬಲ್ಲ ಅಪರಾಧಗಳಲ್ಲ, ಆದ್ದರಿಂದ ನೀವು ಬರೆದುಕೊಟ್ಟರೂ ಮೇಲ್ಮನವಿ ಅಲ್ಲಿಗೆ ಮುಗಿಯುವುದಿಲ್ಲ. ಅದಕ್ಕಿಂತ ನನಗೆ ನೋವಾದದ್ದು, ಎರಡು ಎಕರೆಯನ್ನು ಅವರು ನಿಮಗೆ ಮಾಡುವ ಉಪಕಾರವೆಂಬಂತೆ ಹೇಳುತ್ತಿರುವುದು. ನಿಮ್ಮ ಯಜಮಾನರ ಪಾಲು ಈಗಾಗಲೇ ನಿಮ್ಮದು, ನಿಮ್ಮ ಮಕ್ಕಳದು ಮತ್ತು ಅತ್ತೆಯವರು ಬದುಕಿದ್ದರೆ ಅವರದು. ನೀವೆಲ್ಲ ಇರುವಾಗ ಆ ಪಾಲಿನಲ್ಲಿ ಭಾವನಿಗೆ ಹಕ್ಕಿಲ್ಲ. ಅದನ್ನು ಪಡೆಯಲು ಸಿವಿಲ್ ನ್ಯಾಯಾಲಯದಲ್ಲಿ ಪಾಲುವಿಭಾಗದ ದಾವೆ ಹೂಡಬೇಕೇ ಹೊರತು, ಹೈಕೋರ್ಟಿನ ಕ್ರಿಮಿನಲ್ ಮೇಲ್ಮನವಿಯಲ್ಲಿ ಯಾರ ಪಾಲೂ ತೀರ್ಮಾನವಾಗುವುದಿಲ್ಲ. ಪಹಣಿ ಭಾವನ ಹೆಸರಿನಲ್ಲೇ ಇದ್ದರೂ ಹೆದರಬೇಡಿ. ಪಹಣಿಯ ನಮೂದನ್ನು ಬೇರೆ ಪುರಾವೆಯಿಂದ ಅಲ್ಲಗಳೆಯಬಹುದು. ದಾವೆಯಲ್ಲಿ ರಾಜಿಯಾಗುವುದಾದರೂ, ಅಪ್ರಾಪ್ತ ಮಕ್ಕಳ ಪರವಾಗಿ ಮಾಡುವ ಒಪ್ಪಂದಕ್ಕೆ ನ್ಯಾಯಾಲಯದ ಅನುಮತಿ ಕಡ್ಡಾಯ. ಹಿರಿಯರು ತಂದ ಯಾವ ಕಾಗದಕ್ಕೂ ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ.

ಪ್ರಶ್ನೆ: ನಮ್ಮ ಹೊಲಕ್ಕೆ ನುಗ್ಗಿದ ಚಿಕ್ಕಪ್ಪನ ಸಾವಿಗಾಗಿ ನಮ್ಮ ತಂದೆಗೆ ಜೀವಾವಧಿ ಶಿಕ್ಷೆಯಾಗಿದೆ. ಆ ಜಮೀನು ನಮ್ಮದೇ ಎಂದು ಸಿವಿಲ್ ಡಿಕ್ರಿ ಇದೆ. ಅಂದು ತಂದೆಯ ತಲೆಗೂ ಪೆಟ್ಟಾಗಿತ್ತು. ಇವು ಮೇಲ್ಮನವಿಯಲ್ಲಿ ನೆರವಾಗುತ್ತವೆಯೇ? ಅಲ್ಲಿಯವರೆಗೆ ಜಾಮೀನು ಸಿಗಬಹುದೇ?
— ಓದುಗರೊಬ್ಬರು, ಕಲಬುರಗಿ ಜಿಲ್ಲೆ

ಉತ್ತರ: ಡಿಕ್ರಿಗಿಂತ ತಲೆಯ ಪೆಟ್ಟೇ ನಿಮಗೆ ಹೆಚ್ಚು ಬೆಲೆಯುಳ್ಳದ್ದು. ಬರಿಯ ಅತಿಕ್ರಮ ಪ್ರವೇಶವನ್ನು ತಡೆಯಲು ಪ್ರಾಣ ತೆಗೆಯುವ ಹಕ್ಕನ್ನು ಕಾನೂನು ಯಾವ ಮಾಲೀಕನಿಗೂ ಕೊಟ್ಟಿಲ್ಲ. ಡಿಕ್ರಿಯು ಸ್ವಾಧೀನ ಯಾರದಿತ್ತು, ಜಗಳ ತೆಗೆದವರು ಯಾರು ಎಂಬುದನ್ನು ತೋರಿಸಲು ಉಪಯೋಗಕ್ಕೆ ಬಂದೀತು, ಅಷ್ಟೆ. ಆದರೆ ತಮ್ಮ ದೇಹದ ಮೇಲೆ ಮಾರಣಾಂತಿಕ ಹಲ್ಲೆಯಾಗುತ್ತಿದೆ ಎಂಬ ಸಕಾರಣ ಭಯವಿದ್ದಾಗಿನ ಆತ್ಮರಕ್ಷಣೆಯ ಹಕ್ಕೇ ಬೇರೆ. ಅದೇ ಘಟನೆಯಲ್ಲಿ ಆರೋಪಿಗೆ ಆದ ಗಂಭೀರ ಗಾಯವನ್ನು ಪ್ರಾಸಿಕ್ಯೂಷನ್ ವಿವರಿಸದೆ ಮುಚ್ಚಿಟ್ಟಿದ್ದರೆ, ಘಟನೆಯ ಹುಟ್ಟನ್ನೇ ಮರೆಮಾಡಲಾಗಿದೆ ಎಂದು ನ್ಯಾಯಾಲಯ ಭಾವಿಸಬಹುದೆಂದು 1976ರ ಲಕ್ಷ್ಮೀ ಸಿಂಗ್ ಪ್ರಕರಣದ ತೀರ್ಪು ಹೇಳುತ್ತದೆ. ಆತ್ಮರಕ್ಷಣೆಯ ಮಿತಿಯನ್ನು ಪ್ರಾಮಾಣಿಕವಾಗಿ ಮೀರಿದ್ದರೂ ಅಪರಾಧವು ಕೊಲೆಯಿಂದ ನರಹತ್ಯೆಗೆ ಇಳಿಯಬಹುದು. ಅಂದಿನ ಆಸ್ಪತ್ರೆಯ ಗಾಯದ ಪ್ರಮಾಣಪತ್ರ ಮತ್ತು ನೀವು ಪ್ರತಿದೂರು ಕೊಟ್ಟಿದ್ದರೆ ಅದರ ಕಡತ ವಿಚಾರಣೆಯ ದಾಖಲೆಯಲ್ಲಿ ಸೇರಿವೆಯೇ ಎಂದು ಮೊದಲು ನೋಡಿ; ಸೇರದಿದ್ದರೆ ಹೆಚ್ಚುವರಿ ಸಾಕ್ಷ್ಯಕ್ಕೆ ಹೈಕೋರ್ಟಿನ ಅನುಮತಿ ಕೇಳಬೇಕಾಗುತ್ತದೆ.

ಜಾಮೀನಿಗಾಗಿ ಮೇಲ್ಮನವಿಯ ಜೊತೆಗೇ ಶಿಕ್ಷೆಯ ಅಮಾನತಿಗೆ, ಅಂದರೆ ಮೇಲ್ಮನವಿ ಮುಗಿಯುವವರೆಗೆ ಶಿಕ್ಷೆಯನ್ನು ತಡೆಹಿಡಿಯಲು, ಅರ್ಜಿ ಹಾಕಬೇಕು. ಜೀವಾವಧಿ ಶಿಕ್ಷೆಯಾದ್ದರಿಂದ ಸರ್ಕಾರಿ ಅಭಿಯೋಜಕರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡದೆ ಆದೇಶವಾಗದು.

ಪ್ರಶ್ನೆ: ಪಾಲು ಕೊಡಲಿಲ್ಲವೆಂದು ನನ್ನ ಅಣ್ಣ ನಮ್ಮ ತಂದೆಯನ್ನು ಕೊಂದ. ಶಿಕ್ಷೆಯಾಗಿದೆ, ಮೇಲ್ಮನವಿ ಬಾಕಿಯಿದೆ, ಅಮಾನತಿನ ಮೇಲೆ ಹೊರಗೆ ಬಂದು ಈಗ ಆಸ್ತಿ ಕೇಳುತ್ತಿದ್ದಾನೆ. ತಾಯಿಯಿಲ್ಲದ ಮಗಳು ನಾನು, ನನಗೆ ಏನು ಹಕ್ಕಿದೆ?
— ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಕೊಲೆ ಮಾಡಿದವರು ಕೊಲೆಯಾದವರ ಆಸ್ತಿಗೆ ವಾರಸುದಾರರಾಗುವಂತಿಲ್ಲ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ ಹೇಳುತ್ತದೆ. ಹೀಗಾಗಿ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲೂ, ಪಿತ್ರಾರ್ಜಿತದಲ್ಲಿ ತಂದೆಗಿದ್ದ ಪಾಲಿನಲ್ಲೂ ಅವರು ವಾರಸುದಾರಿಕೆಯ ಹಕ್ಕು ಕೇಳಲಾರರು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬಂದ ಅವರ ಸ್ವಂತ ಪಾಲು ಮಾತ್ರ ವಾರಸಾಗಿ ಬಂದದ್ದಲ್ಲವಾದ್ದರಿಂದ ಅದರ ಲೆಕ್ಕ ಬೇರೆ. 2005ರ ತಿದ್ದುಪಡಿ ಮತ್ತು ಅದನ್ನು ವಿವರಿಸಿದ 2020ರ ವಿನೀತಾ ಶರ್ಮಾ ತೀರ್ಪಿನಂತೆ, ಮಗಳಾದ ನಿಮಗೂ ಅಂಥದ್ದೇ ಸಮಪಾಲು ಹುಟ್ಟಿನಿಂದಲೇ ಇದೆ. ಶಿಕ್ಷೆ ಅಮಾನತಾದ ಮಾತ್ರಕ್ಕೆ ಅಪರಾಧಿ ಎಂಬ ತೀರ್ಪು ಅಳಿಸಿಹೋಗುವುದಿಲ್ಲ. ಮೇಲ್ಮನವಿ ಇತ್ಯರ್ಥವಾಗುವ ಮೊದಲೇ ಅವರು ಜಮೀನನ್ನು ಮಾರಲು ಹೊರಟಿದ್ದರೆ, ಪಾಲಿನ ದಾವೆ ಹೂಡಿ ಅದರಲ್ಲೇ ಪರಭಾರೆಯ ವಿರುದ್ಧ ತಡೆಯಾಜ್ಞೆ ಕೇಳಿ. ಸೆಷನ್ಸ್ ತೀರ್ಪಿನ ದೃಢೀಕೃತ ನಕಲನ್ನು ದಾವೆಯ ಜೊತೆಗೇ ಸಲ್ಲಿಸಿ.